ಎರಡು ಹೆಬ್ಬೆರಳು, ಎರಡು ಕಾರಣ

ಕಾಲಿನ ಹೆಬ್ಬೆರಳಿನ ಉಗುರು ಹಳದಿ ತಿರುಗಿ ದಪ್ಪವಾದರೆ ನಮ್ಮ ಮಂಡ್ಯದ ಕಡೆ ಅದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರುಗಳಲ್ಲಿ ಕೆಸರಿಗೆ ಇಳಿಯದ ಕಾಲು ಸಿಗುವುದು ಕಷ್ಟ; ನಾಟಿ ಮುಗಿಯುವ ಹೊತ್ತಿಗೆ ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಹಿಮ್ಮಡಿಯಲ್ಲಿ ಒಡಕು, ಉಗುರಿನಲ್ಲಿ ಕಂದು ಬಣ್ಣ ಕಾಣಿಸಿಕೊಳ್ಳುವುದು ಮಾಮೂಲು ಎಂದೇ ಎಲ್ಲರೂ ತಿಳಿದಿದ್ದಾರೆ. ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದುಕೊಂಡು ಬೆಳಿಗ್ಗೆ ಸಂಜೆ ಗದ್ದೆಯನ್ನೂ ನೋಡಿಕೊಳ್ಳುವ ನನ್ನ ಎರಡೂ ಕಾಲಿನ ಹೆಬ್ಬೆರಳ ಉಗುರುಗಳು ಕೆಡಲು ಶುರುವಾಗಿ ಕೆಲವು ವರ್ಷಗಳೇ ಆಗಿದ್ದವು. ಬಲಗಾಲಿನ ಉಗುರು ತುದಿಯಿಂದಲೂ ಒಂದು ಪಕ್ಕದಿಂದಲೂ ಹಳದಿಯಾಗುತ್ತ ಬುಡದ ಕಡೆಗೆ ಸರಿದಿತ್ತು. ಅದರ ಅಡಿಯಲ್ಲಿ ಪುಡಿಪುಡಿಯಾದ ಬಿಳಿ ಪದಾರ್ಥ ಸೇರಿಕೊಂಡು ಉಗುರು ಮೇಲೆದ್ದಿತ್ತು. ಎಡಗಾಲಿನದು ಇಡಿಯಾಗಿ ದಪ್ಪವಾಗಿ, ಅಡ್ಡಡ್ಡ ಏಣುಗಳೆದ್ದು, ಹೊರಪಕ್ಕಕ್ಕೆ ವಾಲಿಕೊಂಡಿತ್ತು. ನೋಡಿದವರಿಗೆ ಎರಡೂ ಒಂದೇ ರೋಗದ ಎರಡು ಹಂತಗಳಂತೆ ಕಾಣುತ್ತಿದ್ದವು. ಔಷಧ ಕೊಟ್ಟವರಿಗೂ ಹಾಗೆಯೇ ಕಂಡಿತ್ತು.

ಆಸ್ಪತ್ರೆಯ ದಾರಿ ಹಿಡಿಸಿದ್ದು ಉಗುರಿಗಿಂತ ಹೆಚ್ಚಾಗಿ ಸೊಂಟದ ಸುತ್ತ ಎದ್ದ ಹುಳುಕಡ್ಡಿ. ಔಷಧದ ಅಂಗಡಿಯೊಂದರಲ್ಲಿ ತೋರಿಸಿದಾಗ ಅವರು ಒಂದು ಮುಲಾಮಿನ ಟ್ಯೂಬು ಕೊಟ್ಟು, ಉಗುರಿಗೂ ಇದನ್ನೇ ಹಚ್ಚಬಹುದು ಎಂದರು. ಹಚ್ಚಿದ ಎರಡನೆಯ ದಿನವೇ ತುರಿಕೆ ನಿಲ್ಲುತ್ತಿತ್ತು, ಬಿಟ್ಟ ಕೆಲವೇ ದಿನಗಳಲ್ಲಿ ಉಂಗುರ ಇನ್ನಷ್ಟು ಅಗಲವಾಗಿ ಮರಳುತ್ತಿತ್ತು. ಆ ಟ್ಯೂಬಿನಲ್ಲಿ ಶಿಲೀಂಧ್ರ (ಫಂಗಸ್) ನಾಶಕದ ಜೊತೆಗೆ ಪ್ರಬಲವಾದ ಸ್ಟೀರಾಯ್ಡ್ ಮತ್ತು ಒಂದು ಆಂಟಿಬಯೋಟಿಕ್ ಸೇರಿದ್ದವೆಂಬುದು ಆಮೇಲೆ ತಿಳಿಯಿತು. ಸ್ಟೀರಾಯ್ಡ್ ಚರ್ಮದ ಉರಿಯನ್ನು ತಗ್ಗಿಸುತ್ತದೆ, ಜೊತೆಗೆ ಶಿಲೀಂಧ್ರದ ವಿರುದ್ಧ ಚರ್ಮ ಒಡ್ಡುವ ಪ್ರತಿರೋಧವನ್ನೂ ತಗ್ಗಿಸುತ್ತದೆ. ಆದ್ದರಿಂದ ಹೊರಗೆ ವಾಸಿಯಾದಂತೆ ಕಂಡು ಒಳಗೆ ಸೋಂಕು ಹಬ್ಬುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಇಂತಹ ಮುಲಾಮುಗಳು ತಲೆನೋವಿನ ಮಾತ್ರೆಯಷ್ಟೇ ಸಲೀಸಾಗಿ ಸಿಗುವುದು, ನಮ್ಮ ದೇಶದಲ್ಲಿ ಹುಳುಕಡ್ಡಿ ಇಷ್ಟು ಮೊಂಡುತನ ತೋರುತ್ತಿರುವುದಕ್ಕೆ ಒಂದು ಕಾರಣವೆಂದು ಚರ್ಮರೋಗ ತಜ್ಞರೆಲ್ಲ ಹೇಳುತ್ತಾರೆ. ಉಗುರಿನ ಮಟ್ಟಿಗೆ ಹೇಳುವುದಾದರೆ ಆ ಮುಲಾಮು ಉಪಕಾರವನ್ನಂತೂ ಮಾಡಲಿಲ್ಲ. ಮಾಡುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ದಪ್ಪಗಾದ ಉಗುರನ್ನು ಭೇದಿಸಿ ಕೆಳಗಿನ ಹಾಸನ್ನು ಮುಟ್ಟುವ ಶಕ್ತಿ ಸಾಮಾನ್ಯ ಮುಲಾಮಿಗೆ ಇರುವುದಿಲ್ಲ.

ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಅಲ್ಲಿ ನನ್ನನ್ನು ನೋಡಿದ ಪ್ರಾಧ್ಯಾಪಕರ ಸುತ್ತ ಸ್ನಾತಕೋತ್ತರ ವಿದ್ಯಾರ್ಥಿಗಳ ಗುಂಪು ನಿಂತಿತ್ತು. ಪಾಠಕ್ಕೆ ವಸ್ತುವಾಗಿ ಕುಳಿತುಕೊಳ್ಳುವುದು ಸಾಮಾನ್ಯವಾಗಿ ಯಾರಿಗೂ ಹಿತವೆನಿಸುವುದಿಲ್ಲ. ಆದರೆ ಖಾಸಗಿ ಕ್ಲಿನಿಕ್ಕಿನಲ್ಲಿ ಐದು ನಿಮಿಷಕ್ಕೆ ಮುಗಿಯುವ ಭೇಟಿ ಇಲ್ಲಿ ಮುಕ್ಕಾಲು ಗಂಟೆ ನಡೆದು, ಅವರು ವಿದ್ಯಾರ್ಥಿಗಳಿಗೆ ಹೇಳಿದ್ದೆಲ್ಲ ನನ್ನ ಕಿವಿಗೂ ಬಿದ್ದಿತೆಂಬುದು ದೊಡ್ಡ ಲಾಭ. ಸಾಕ್ಸು ಕಳಚಲು ಬಗ್ಗಿದ ನನ್ನನ್ನು ತಡೆದು ಅವರು ಮೊದಲು ಕೇಳಿದ್ದು ಕೈಗಳನ್ನು. ಹತ್ತೂ ಬೆರಳುಗಳನ್ನು ಮೇಜಿನ ಮೇಲೆ ಚಾಚಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ತಮ್ಮ ಉಗುರಿನ ತುದಿಯನ್ನು ನನ್ನ ಹೆಬ್ಬೆರಳ ಉಗುರಿನ ಮೇಲೆ ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ನಡುವೆ ಒಂದು ಕಡೆ ಅದು ಸಣ್ಣದೊಂದು ತಗ್ಗಿಗೆ ಇಳಿದು ಮೇಲೆದ್ದುದು ನನಗೂ ತಿಳಿಯಿತು. ಅಡ್ಡಲಾಗಿ ಹಾದ ಅಂತಹದೇ ತಗ್ಗು ಉಳಿದ ಬೆರಳುಗಳಲ್ಲಿಯೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿತ್ತು. “ಎರಡು ಮೂರು ತಿಂಗಳ ಹಿಂದೆ ದೊಡ್ಡ ಜ್ವರವೇನಾದರೂ ಬಂದಿತ್ತೇ?” ಎಂದು ಅವರು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಆಷಾಢದ ಕೊನೆಯಲ್ಲಿ ಡೆಂಗಿ ಬಂದು, ಪ್ಲೇಟ್‌ಲೆಟ್ ಇಳಿದು ಆಸ್ಪತ್ರೆಯಲ್ಲಿ ಮಲಗಿದ್ದ ವಿಷಯವನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಉಗುರು ಎಂಬುದು ಕೆರಟಿನ್ ಎಂಬ ಪ್ರೋಟೀನು ತುಂಬಿದ ಸತ್ತ ಜೀವಕೋಶಗಳ ಪದರ. ಅದನ್ನು ತಯಾರಿಸುವ ಜೀವಂತ ಭಾಗ ಉಗುರಿನ ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ ಅಡಗಿದೆ. ವೈದ್ಯರು ಅದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ, ಹೆಬ್ಬೆರಳಿನಲ್ಲಿ ಬಿಳಿಯ ಅರ್ಧಚಂದ್ರವಾಗಿ ಕಾಣುವುದು ಅದರದೇ ಒಂದು ಅಂಚು. ಮೈಗೆ ಭಾರಿ ಕಾಯಿಲೆ ಬಂದಾಗ ಈ ಬುಡ ಕೆಲವು ದಿನ ಕೆಲಸವನ್ನು ನಿಧಾನಿಸುತ್ತದೆ ಅಥವಾ ನಿಲ್ಲಿಸುತ್ತದೆ, ಆಗ ತಯಾರಾದ ಉಗುರು ತೆಳುವಾಗಿ ಅಡ್ಡಗೆರೆಯಾಗಿ ಉಳಿಯುತ್ತದೆ. 1846ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಬೋ ಅವರ ಹೆಸರಿನಲ್ಲಿ ಇವನ್ನು ಬೋ ಗೆರೆಗಳೆಂದು ಕರೆಯುತ್ತಾರೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುವುದರಿಂದ, ಗೆರೆ ಬುಡದಿಂದ ಎಷ್ಟು ದೂರ ಸರಿದಿದೆ ಎಂದು ಅಳೆದರೆ ಕಾಯಿಲೆ ಬಂದ ಕಾಲವನ್ನು ಅಂದಾಜು ಮಾಡಬಹುದು. ಗೆರೆ ಒಂದೇ ಬೆರಳಿನಲ್ಲಿದ್ದರೆ ಆ ಬೆರಳಿಗೆ ಏಟು ಬಿದ್ದಿರಬೇಕು. ಎಲ್ಲ ಬೆರಳುಗಳಲ್ಲಿ ಒಂದೇ ಮಟ್ಟದಲ್ಲಿದ್ದರೆ ಕಾರಣ ಇಡೀ ದೇಹದ್ದಾಗಿರಬೇಕು. ಈ ಒಂದು ವಿವೇಚನೆಯನ್ನೇ ಅವರು ಆ ದಿನ ಮತ್ತೆ ಮತ್ತೆ ಬಳಸಿದರು: ಎಷ್ಟು ಉಗುರು, ಯಾವ ಉಗುರು, ಉಗುರಿನ ಯಾವ ಭಾಗದಿಂದ ಶುರು.

ಎರಡೂ ತೋರುಬೆರಳುಗಳ ಉಗುರನ್ನು ಬೆನ್ನಿಗೆ ಬೆನ್ನು ಕೊಟ್ಟು ಒತ್ತಿ ಹಿಡಿಯಲು ಹೇಳಿದ್ದು ಇನ್ನೊಂದು ಪರೀಕ್ಷೆ. ನಡುವೆ ವಜ್ರದಾಕಾರದ ಸಣ್ಣ ಕಿಂಡಿ ಕಾಣಬೇಕು. ಅದು ಮುಚ್ಚಿಹೋಗಿದ್ದರೆ ಬೆರಳ ತುದಿ ಊದಿ ಉಗುರು ಗುಮ್ಮಟದಂತೆ ಬಾಗಿದೆ ಎಂದರ್ಥ, ಮತ್ತು ಅದರ ಹಿಂದೆ ಶ್ವಾಸಕೋಶದ ಕ್ಯಾನ್ಸರ್, ದೀರ್ಘಕಾಲದ ಶ್ವಾಸಕೋಶದ ಸೋಂಕು, ಹುಟ್ಟಿನಿಂದ ಬಂದ ಕೆಲವು ಹೃದ್ರೋಗಗಳು ಇರಬಹುದು. 1976ರಲ್ಲಿ ದಕ್ಷಿಣ ಆಫ್ರಿಕಾದ ಹೃದ್ರೋಗ ತಜ್ಞ ಲಿಯೋ ಶ್ಯಾಮ್ರಾತ್ ಇದನ್ನು ತಿಳಿಸಿದ್ದು ತಮ್ಮದೇ ಬೆರಳುಗಳನ್ನು ನೋಡಿಕೊಂಡು, ಹೃದಯದ ಒಳಪದರದ ಸೋಂಕಿನಿಂದ ತಾವೇ ನರಳುತ್ತಿದ್ದಾಗ. ನನ್ನ ಬೆರಳುಗಳ ನಡುವೆ ಕಿಂಡಿ ಸರಿಯಾಗಿಯೇ ಇತ್ತು. ವಿದ್ಯಾರ್ಥಿನಿಯೊಬ್ಬರು ನನ್ನ ಕಿರುಬೆರಳಿನ ಉಗುರಿನಲ್ಲಿದ್ದ ಬಿಳಿಯ ಚುಕ್ಕೆಯನ್ನು ತೋರಿಸಿದಾಗ, ಅದು ಕ್ಯಾಲ್ಸಿಯಂ ಕೊರತೆಯೆಂದು ಮನೆಯಲ್ಲಿ ಕೇಳಿಕೊಂಡು ಬಂದಿದ್ದ ನಾನು ಹಾಗೆಯೇ ಹೇಳಿದೆ. ಪ್ರಾಧ್ಯಾಪಕರು ನಕ್ಕರು. ಬುಡಕ್ಕೆ ಆಗಾಗ ತಗಲುವ ಸಣ್ಣಪುಟ್ಟ ಏಟುಗಳೇ ಆ ಚುಕ್ಕೆಗಳಿಗೆ ಕಾರಣವಂತೆ, ಉಗುರಿನೊಂದಿಗೆ ಬೆಳೆದು ತುದಿಗೆ ಬಂದು ಕತ್ತರಿಸಿ ಹೋಗುತ್ತವಂತೆ. ಎಷ್ಟೋ ಮಕ್ಕಳು ಈ ಚುಕ್ಕೆಗಳ ಹೆಸರಿನಲ್ಲಿ ಸುಣ್ಣದಂಶದ ಮಾತ್ರೆ ನುಂಗಿರುವುದನ್ನು ನಾನೇ ಬಲ್ಲೆ. ಹೆಬ್ಬೆರಳಿನಲ್ಲಿ ಉದ್ದಕ್ಕೆ ಹಾದ ತೆಳು ಕಂದು ಪಟ್ಟಿಯನ್ನು ಮಾತ್ರ ಅವರು ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಿಂದ ಬಹಳ ಹೊತ್ತು ನೋಡಿದರು. ನಮ್ಮಂತಹ ಮೈಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ಇಂತಹ ಪಟ್ಟಿ ಇರುವುದು ಸಹಜ. ಆದರೆ ಒಂದೇ ಉಗುರಿನಲ್ಲಿ ನಡುವಯಸ್ಸಿನ ನಂತರ ಹೊಸದಾಗಿ ಹುಟ್ಟಿ, ಅಗಲವಾಗುತ್ತ, ಕಪ್ಪು ಬಣ್ಣ ಬುಡದ ಚರ್ಮಕ್ಕೂ ಹಬ್ಬಿದರೆ ಅದು ಮೆಲನೋಮ ಎಂಬ ಕ್ಯಾನ್ಸರ್ ಆಗಿರುವ ಸಾಧ್ಯತೆ ಇರುವುದರಿಂದ ತುಣುಕು ತೆಗೆದು ಪರೀಕ್ಷಿಸಲೇಬೇಕು. ನನ್ನ ಪಟ್ಟಿಗಳು ಹಲವು ಬೆರಳುಗಳಲ್ಲಿದ್ದವು ಮತ್ತು ಹಳೆಯವಾಗಿದ್ದವು.

ಕಾಲಿನ ಸರದಿ ಬಂದಾಗ ಅವರು ಮೊದಲು ನೋಡಿದ್ದು ಉಗುರನ್ನಲ್ಲ, ನಾಲ್ಕನೆಯ ಮತ್ತು ಐದನೆಯ ಬೆರಳುಗಳ ಸಂದಿಯನ್ನು ಮತ್ತು ಅಂಗಾಲನ್ನು. ಬಲಗಾಲಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಸುಲಿದಿತ್ತು, ಅಂಗಾಲಿನಲ್ಲಿ ಹೊಟ್ಟು ಏಳುತ್ತಿತ್ತು. ಎಡಗಾಲು ಇದಕ್ಕೆ ಹೋಲಿಸಿದರೆ ಚೊಕ್ಕಟವಾಗಿತ್ತು. “ಒಂದೇ ಮನುಷ್ಯನ ಕಾಲು ಎಂದು ಒಂದೇ ಕಾಯಿಲೆ ಎಂದು ಬರೆಯಬೇಡಿ, ಎರಡರಿಂದಲೂ ಬೇರೆ ಬೇರೆ ಮಾದರಿ ತೆಗೆಯಿರಿ” ಎಂದು ವಿದ್ಯಾರ್ಥಿಗಳಿಗೆ ಹೇಳಿ ಎದ್ದುಹೋದರು. ಮಾತ್ರೆಯ ಚೀಟಿಯನ್ನು ಅಂದು ಅವರು ಬರೆಯಲಿಲ್ಲ. ಹಚ್ಚುತ್ತಿದ್ದ ಮುಲಾಮನ್ನು ನಿಲ್ಲಿಸಿ ಕೆಲವು ವಾರ ಬಿಟ್ಟು ಬರಬೇಕೆಂದೂ, ಶಿಲೀಂಧ್ರ ನಾಶಕದ ಅಂಶ ಉಳಿದಿದ್ದರೆ ಪರೀಕ್ಷೆಯಲ್ಲಿ ಇರುವ ಶಿಲೀಂಧ್ರವೂ ಇಲ್ಲವೆಂದು ಬರಬಹುದೆಂದೂ ತಿಳಿಸಿದರು. ದೂರದಿಂದ ಬಂದವನಿಗೆ ಇದು ಬೇಸರದ ಮಾತೇ. ಆದರೆ ಕೆಟ್ಟುಹೋದ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣವೆಂದೂ, ಉಳಿದ ಅರ್ಧಕ್ಕೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರೆ ಯಕೃತ್ತಿಗೆ ಶ್ರಮವೇ ಹೊರತು ಫಲವಿಲ್ಲವೆಂದೂ ಅವರು ವಿವರಿಸಿದ ಮೇಲೆ ನನಗೆ ಅದು ಗದ್ದೆಯ ಭಾಷೆಯಲ್ಲಿಯೇ ಅರ್ಥವಾಯಿತು. ಪೈರು ಹಳದಿಯಾದಾಗ ಸಾರಜನಕ ಸಾಲದೋ, ಸತುವಿನ ಕೊರತೆಯೋ, ನೀರು ನಿಂತು ಬೇರು ಕೊಳೆತಿದೆಯೋ ಎಂದು ಒಂದು ಬುಡ ಕಿತ್ತು ನೋಡದೆ ಯೂರಿಯಾ ಎರಚುವ ರೈತನನ್ನು ಊರವರು ಬುದ್ಧಿವಂತನೆನ್ನುವುದಿಲ್ಲ.

ಮಾದರಿ ತೆಗೆಯುವ ಕೆಲಸ ನೋವಿನದೇನೂ ಅಲ್ಲ, ಆದರೆ ತಾಳ್ಮೆಯದು. ಸ್ಪಿರಿಟ್ಟಿನಿಂದ ಬೆರಳನ್ನು ಒರೆಸಿ, ಉಗುರಿನ ತುದಿಯನ್ನು ಇಕ್ಕಳದಂತಹ ದಪ್ಪ ಕತ್ತರಿಯಿಂದ ಎಷ್ಟು ಹಿಂದಕ್ಕೆ ಸಾಧ್ಯವೋ ಅಷ್ಟು ಕತ್ತರಿಸಿದರು. ತುದಿಯ ಕೊಳೆಯಲ್ಲಿ ಗಾಳಿಯಿಂದ, ಮಣ್ಣಿನಿಂದ ಬಂದ ಬೂಸ್ಟುಗಳಿರುತ್ತವೆ. ರೋಗ ತಂದ ಶಿಲೀಂಧ್ರ ಜೀವಂತವಾಗಿರುವುದು ರೋಗ ಮುಂದುವರಿಯುತ್ತಿರುವ ಗಡಿಯಲ್ಲಿ, ಅಂದರೆ ಬುಡದ ಕಡೆಗೆ. ಆದ್ದರಿಂದ ಮೊದಲು ಬಂದ ಪುಡಿಯನ್ನು ಎಸೆದು, ಒಳಗಿನ ಪುಡಿಯನ್ನು ಮೊಂಡು ಅಲಗಿನಿಂದ ಕೆರೆದು ಕಪ್ಪು ಕಾಗದದ ಮೇಲೆ ಉದುರಿಸಿಕೊಂಡರು. ಕಪ್ಪು ಕಾಗದದ ಮೇಲೆ ಆ ಹಳದಿ ಬಿಳುಪಿನ ಚೂರುಗಳು ಎದ್ದು ಕಾಣುತ್ತಿದ್ದವು. ಎಡಗಾಲಿನ ಉಗುರಿನ ಅಡಿಯಲ್ಲಿ ಪುಡಿಯೇ ಹೆಚ್ಚು ಸಿಗಲಿಲ್ಲ. ಅದು ಗಟ್ಟಿಯಾಗಿ ಕೆಳಗಿನ ಚರ್ಮಕ್ಕೆ ಅಂಟಿಕೊಂಡಿತ್ತು. ವಿದ್ಯಾರ್ಥಿನಿ ತಲೆಯೆತ್ತಿ ನನ್ನ ಮುಖ ನೋಡಿ, ಇದು ಬೇರೆ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಂತೆ ಅಂದರು.

ಕೆರೆದ ಪುಡಿಯ ಒಂದು ಪಾಲನ್ನು ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣ ಹಾಕುತ್ತಾರೆ. ಚರ್ಮದ ಹೊಟ್ಟು ಇದರಲ್ಲಿ ಬೇಗ ಕರಗುತ್ತದೆ, ಉಗುರಿಗೆ ದ್ರಾವಣ ಹೆಚ್ಚು ತೀಕ್ಷ್ಣವಾಗಿರಬೇಕು, ಹೊತ್ತೂ ಹೆಚ್ಚು ಬೇಕು. ಕೆರಟಿನ್ ಕರಗಿ ತಿಳಿಯಾದ ಮೇಲೆ ಶಿಲೀಂಧ್ರದ ಎಳೆಗಳು ಮಾತ್ರ ಉಳಿಯುತ್ತವೆ. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಪ್ರಯೋಗಾಲಯದವರು ಸೌಜನ್ಯದಿಂದ ಸೂಕ್ಷ್ಮದರ್ಶಕದ ಮುಂದೆ ನನ್ನನ್ನೂ ಕೂರಿಸಿದರು. ಮೊದಲು ಮಸುಕಾದ ಬೆಳಕಲ್ಲದೆ ಬೇರೇನೂ ಕಾಣಲಿಲ್ಲ. ತಿರುಪನ್ನು ಅವರು ಒಂದಿಷ್ಟು ಹೊರಳಿಸಿದಾಗ ಬಣ್ಣವಿಲ್ಲದ ಉದ್ದನೆಯ ಎಳೆಗಳು, ನಡುನಡುವೆ ಅಡ್ಡಗೋಡೆಗಳಿದ್ದು, ಕವಲೊಡೆದು ಕೋಶಗಳ ಗಡಿಗಳನ್ನು ಲೆಕ್ಕಿಸದೆ ಹಾದುಹೋಗಿರುವುದು ಕಂಡಿತು. ಅದು ಬಲಗಾಲು. ಎಡಗಾಲಿನ ಗಾಜಿನಲ್ಲಿ ಎಷ್ಟು ಹುಡುಕಿದರೂ ಅಂತಹ ಎಳೆ ಸಿಗಲಿಲ್ಲ. ಸಿಗಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ತೀರ್ಮಾನಿಸಲಾಗದ ಪರೀಕ್ಷೆ ಇದಾದ್ದರಿಂದ, ಎಡಗಾಲಿನ ಉಗುರಿನ ತುಣುಕನ್ನು ಪಿಎಎಸ್ ಎಂಬ ಬಣ್ಣ ಹಾಕಿ ನೋಡಲು ಪೆಥಾಲಜಿ ವಿಭಾಗಕ್ಕೆ ಕಳಿಸಿದರು. ಶಿಲೀಂಧ್ರದ ಗೋಡೆಯನ್ನು ಕೆನ್ನೇರಳೆ ಮಾಡಿ ತೋರಿಸುವ ಈ ವಿಧಾನ ಉಳಿದವುಗಳಿಗಿಂತ ನೆಚ್ಚಿಕೆಯದು. ಅಲ್ಲಿಯೂ ಏನೂ ಇರಲಿಲ್ಲ.

ಎರಡೂ ಕಾಲಿನ ಪುಡಿಯನ್ನು ಕಲ್ಚರಿಗೂ, ಅಂದರೆ ಶಿಲೀಂಧ್ರವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೂ ಹಾಕಿದ್ದರು. ಅದು ಬೆಳೆದು ಹೆಸರು ಹಿಡಿಯಲು ಮೂರು ನಾಲ್ಕು ವಾರ ಬೇಕಾಗುತ್ತದೆ. ಬಲಗಾಲಿನದರಲ್ಲಿ ಮೇಲೆ ಹತ್ತಿಯಂತೆ ಬಿಳಿಯಾಗಿ, ಗಾಜಿನ ಕೆಳಗಿನಿಂದ ನೋಡಿದರೆ ಕಡುಗೆಂಪಾಗಿ ಬೆಳೆದದ್ದು ಟ್ರೈಕೋಫೈಟನ್ ರೂಬ್ರಮ್. ಲೋಕದಾದ್ಯಂತ ಕಾಲಿನ ಉಗುರಿನ ಸೋಂಕಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವ ಶಿಲೀಂಧ್ರವೇ ಇದು. ಕೆಸರುಹುಣ್ಣಿನ ಸಂದಿಯಲ್ಲಿ ಮನೆಮಾಡಿ, ತೇವ ಸಿಕ್ಕಷ್ಟು ಕಾಲ ಚರ್ಮದಲ್ಲಿದ್ದು, ಉಗುರಿನ ತುದಿ ಎಲ್ಲಿಯಾದರೂ ಸ್ವಲ್ಪ ಎದ್ದಿದ್ದರೆ ಆ ಬಿರುಕಿನಿಂದ ಒಳಕ್ಕೆ ಇಳಿಯುತ್ತದೆ. ಹಗಲೆಲ್ಲ ಕಚೇರಿಯ ಬೂಟಿನೊಳಗೆ ಬೆವರುವ, ಸಂಜೆ ಗದ್ದೆಯ ನೀರಿನಲ್ಲಿ ನೆನೆಯುವ ನನ್ನಂತಹವರ ಕಾಲಿಗಿಂತ ಅನುಕೂಲವಾದ ಜಾಗ ಅದಕ್ಕೆ ಬೇರೆ ಸಿಗಲಾರದು. ವಯಸ್ಸು, ಸಕ್ಕರೆ ಕಾಯಿಲೆ, ಕಾಲಿಗೆ ರಕ್ತ ಸಾಲದೆ ಬರುವುದು, ಇವು ದಾರಿಯನ್ನು ಇನ್ನಷ್ಟು ಸುಗಮ ಮಾಡುತ್ತವೆ. ನನ್ನ ರಕ್ತದ ಸಕ್ಕರೆಯನ್ನೂ ಆಗಲೇ ನೋಡಿದರು, ಸರಿಯಾಗಿತ್ತು.

ಎಡಗಾಲಿನ ವಿಷಯದಲ್ಲಿ ಪ್ರಾಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ: ಈ ಬೆರಳಿಗೆ ಎಂದಾದರೂ ಜೋರಾಗಿ ಏಟು ಬಿದ್ದಿತ್ತೇ? ಮನೆ ಕಟ್ಟಿಸುವಾಗ ಚಪ್ಪಡಿ ಕಲ್ಲೊಂದು ಜಾರಿ ಅದೇ ಬೆರಳಿನ ಬುಡಕ್ಕೆ ಬಿದ್ದು, ಉಗುರು ಕಪ್ಪಾಗಿ, ಕೆಲವು ವಾರಗಳ ಮೇಲೆ ಇಡಿಯಾಗಿ ಕಳಚಿ ಬಂದಿತ್ತು. ಆಮೇಲೆ ಬೆಳೆದದ್ದು ಈ ವಾಲಿದ ಉಗುರೇ. ಬುಡದ ಮ್ಯಾಟ್ರಿಕ್ಸಿಗೆ ಗಾಯದ ಕಲೆ ಉಳಿದರೆ ಅಲ್ಲಿ ತಯಾರಾಗುವ ಉಗುರು ಜೀವಮಾನವಿಡೀ ಆ ಕಲೆಯ ಗುರುತನ್ನು ಹೊತ್ತೇ ಬರುತ್ತದೆ. ಉಗುರಿನ ಕೆಳಗೆ ಮೂಳೆಯೇನಾದರೂ ಗಂಟಾಗಿ ಬೆಳೆದಿದೆಯೋ ಎಂದು ಎಕ್ಸ್‌ರೇ ತೆಗೆಸಿದರು, ಇರಲಿಲ್ಲ. ಹೀಗೆ ಒಂದೇ ಮೈಯ ಎರಡು ಹೆಬ್ಬೆರಳುಗಳಿಗೆ ಎರಡು ಬೇರೆ ಬೇರೆ ಕಾರಣಗಳು ಕಾಗದದ ಮೇಲೆ ದಾಖಲಾದವು. ಆಸ್ಪತ್ರೆಗೆ ಅಲೆದದ್ದರ ಫಲ ನನ್ನ ಲೆಕ್ಕದಲ್ಲಿ ಇದೇ. ಔಷಧ ಆಮೇಲಿನ ಮಾತು.

ಬಲಗಾಲಿಗೆ ಬರೆದದ್ದು ಟರ್ಬಿನಾಫಿನ್ 250 ಮಿ.ಗ್ರಾಂ. ಮಾತ್ರೆ, ದಿನಕ್ಕೊಂದು. ಕೈಯ ಉಗುರಾದರೆ 6 ವಾರ, ಕಾಲಿನ ಉಗುರಾದರೆ 12 ವಾರ ಎಂಬುದು ಇದರ ಸಾಮಾನ್ಯ ಅವಧಿ. ಶಿಲೀಂಧ್ರದ ಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುವುದು ಇದರ ಕೆಲಸ. ಶುರು ಮಾಡುವ ಮೊದಲು ಲಿವರ್ ಪರೀಕ್ಷೆ ಮಾಡಿಸಿದರು, ನಡುವೆ ಮತ್ತೊಮ್ಮೆ ಮಾಡಿಸಿದರು. ಅಪರೂಪಕ್ಕೆ ಈ ಔಷಧ ಯಕೃತ್ತಿಗೆ ಪೆಟ್ಟು ಕೊಡುವುದುಂಟು, ಆದ್ದರಿಂದ ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ಹೋದರೆ ತಕ್ಷಣ ನಿಲ್ಲಿಸಿ ಬರಬೇಕೆಂದು ಎಚ್ಚರಿಸಿದ್ದರು. ಇಟ್ರಾಕೊನಜೋಲ್ ಎಂಬ ಇನ್ನೊಂದು ಔಷಧವನ್ನು ತಿಂಗಳಿಗೆ ಒಂದು ವಾರದಂತೆ ಕೊಡುವ ಪದ್ಧತಿಯೂ ಇದೆ, ಆದರೆ ನಾನು ಕೊಲೆಸ್ಟರಾಲಿಗೆ ನುಂಗುವ ಮಾತ್ರೆಯ ಜೊತೆಗೆ ಅದು ಹೊಂದುವುದಿಲ್ಲವೆಂದು ಬಿಟ್ಟರು. ವಾರಕ್ಕೊಮ್ಮೆ ಉಗುರನ್ನು ಅರದಿಂದ ಉಜ್ಜಿ ಹಚ್ಚುವ ಅಮೊರೊಲ್ಫಿನ್ 5% ದ್ರಾವಣವನ್ನೂ ಜೊತೆಗೆ ಬರೆದರು. ನೋಡಲು ಉಗುರುಬಣ್ಣದ ಶೀಶೆಯಂತೆಯೇ ಇರುವುದರಿಂದ ನಾನು ಅಂಗಳದಲ್ಲಿ ಕುಳಿತು ಹಚ್ಚಿಕೊಳ್ಳುವುದನ್ನು ಕಂಡವರು ಮಾಡಿದ ಹಾಸ್ಯವನ್ನು ಇಲ್ಲಿ ಬರೆಯುವುದು ಬೇಡ.

ಚಿಕಿತ್ಸೆಯ ಮೊದಲ ದಿನ ಪ್ರಾಧ್ಯಾಪಕರು ಮಾಡಿದ ಒಂದು ಚಿಕ್ಕ ಕೆಲಸ ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿತು. ಬಲಗಾಲಿನ ಉಗುರಿನಲ್ಲಿ ಒಳ್ಳೆಯ ಭಾಗ ಮುಗಿದು ಹಳದಿ ಶುರುವಾಗುವ ಗಡಿಯಲ್ಲಿ ಅಲಗಿನ ತುದಿಯಿಂದ ನವಿರಾದ ಒಂದು ಅಡ್ಡಗೀರು ಹಾಕಿದರು. ಉಗುರು ಬೆಳೆದಂತೆ ಗೀರು ಮುಂದಕ್ಕೆ ಹೋಗುತ್ತದೆ; ಹಳದಿ ಅದರ ಮುಂದೆಯೇ ಉಳಿದರೆ ಔಷಧ ಹಿಡಿದಿದೆ, ಗೀರನ್ನು ದಾಟಿ ಬುಡದ ಕಡೆಗೆ ಬಂದರೆ ಹಿಡಿದಿಲ್ಲ. ಕಾಲಿನ ಉಗುರು ತಿಂಗಳಿಗೆ ಒಂದರಿಂದ ಒಂದೂವರೆ ಮಿ.ಮೀ. ಮಾತ್ರ ಬೆಳೆಯುತ್ತದೆ, ಹೆಬ್ಬೆರಳಿನ ಉಗುರು ಇಡಿಯಾಗಿ ಹೊಸದಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಕೆಟ್ಟ ಭಾಗವನ್ನು ಯಾವ ಔಷಧವೂ ಒಳ್ಳೆಯದು ಮಾಡುವುದಿಲ್ಲ, ಅದು ಬೆಳೆದು ಹೊರಗೆ ಹೋಗಬೇಕು ಅಷ್ಟೇ. ಗುಣವಾಗಲಿಲ್ಲವೆಂದು ಎಷ್ಟೋ ಜನ ನಡುವೆಯೇ ಔಷಧ ಬಿಡುವುದಕ್ಕೆ ಈ ನಿಧಾನವೇ ಕಾರಣ, ಮತ್ತು ಗೀರಿಲ್ಲದಿದ್ದರೆ ನಾನೂ ದಿನಾ ನೋಡಿ ದಿನಾ ನಿರಾಶನಾಗುತ್ತಿದ್ದೆನೇನೋ. ಮಾತ್ರೆ ಮುಗಿಯುವ ಹಂತದಲ್ಲಿ ನನಗೆ ನಾಲಗೆಯ ರುಚಿ ಕಡಿಮೆಯಾಯಿತು. ಮುದ್ದೆಯ ಜೊತೆಗಿನ ಬಸ್ಸಾರಿಗೆ ಉಪ್ಪು ಹುಳಿ ಹಾಕಿಲ್ಲವೆಂದು ಮನೆಯಲ್ಲಿ ಗೊಣಗಿದ ಮೇಲೆ, ಉಳಿದವರಿಗೆಲ್ಲ ಅದು ಸರಿಯಾಗಿಯೇ ಇದೆಯೆಂದು ತಿಳಿದು ವೈದ್ಯರಿಗೆ ಫೋನು ಮಾಡಿದೆ. ಟರ್ಬಿನಾಫಿನ್‌ನ ಗೊತ್ತಿರುವ ಅಡ್ಡಪರಿಣಾಮ ಅದು. ಕೂಡಲೇ ನಿಲ್ಲಿಸಲು ಹೇಳಿದರು. ಔಷಧ ಉಗುರಿನಲ್ಲಿ ಶೇಖರವಾಗಿ ಮಾತ್ರೆ ಬಿಟ್ಟ ಮೇಲೆಯೂ ತಿಂಗಳುಗಟ್ಟಲೆ ಉಳಿಯುವುದರಿಂದ ಕೊನೆಯ ಕೆಲವು ಮಾತ್ರೆಗಳಿಗಾಗಿ ಚಿಂತೆ ಬೇಡವೆಂದರು. ರುಚಿ ನಿಧಾನವಾಗಿ ಮರಳಿತು.

ಮುಂದಿನ ಭೇಟಿಗೆ ನನ್ನ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವಳ ಬಲಗೈಯ ತೋರುಬೆರಳು ಮತ್ತು ನಡುಬೆರಳಿನಲ್ಲಿ ಉಗುರಿನ ಬುಡದ ಚರ್ಮ ಊದಿಕೊಂಡು ಕೆಂಪಾಗಿ, ಒತ್ತಿದರೆ ನೋಯುತ್ತ ತಿಂಗಳುಗಳೇ ಕಳೆದಿದ್ದವು. ಉಗುರುಸುತ್ತು ಎಂದು ಊರಿನಲ್ಲಿ ಎಲ್ಲರೂ ಹೇಳುವಂತೆ ನಿಂಬೆಹಣ್ಣನ್ನು ಕೊರೆದು ಬೆರಳಿಗೆ ತೊಡಿಸುವುದು, ಅರಿಸಿನ ಮೆತ್ತುವುದು ಎಲ್ಲ ಆಗಿತ್ತು. ಒಂದೆರಡು ದಿನದಲ್ಲಿ ಕೀವು ತುಂಬಿ ಮಿಡಿಯುವ ಉಗುರುಸುತ್ತು ಬೇರೆ. ಅದು ಬಹುಮಟ್ಟಿಗೆ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯದ ಕೆಲಸ, ಕೀವು ಹೊರಗೆ ಹೋದರೆ ಶಮನವಾಗುತ್ತದೆ. ಆರು ವಾರ ದಾಟಿ ಎಳೆಯುವುದು ಇನ್ನೊಂದು ಬಗೆ. ಚರ್ಮ ಮತ್ತು ಉಗುರಿನ ನಡುವಿನ ಸಂದಿಯನ್ನು ಮುಚ್ಚಿರುವ ತೆಳು ಪೊರೆಯನ್ನು ಕ್ಯುಟಿಕಲ್ ಎನ್ನುತ್ತಾರೆ. ಪಾತ್ರೆ ತೊಳೆಯುವ ಸೋಪು, ಕೊಟ್ಟಿಗೆಯ ನೀರು, ಇಡ್ಲಿ ಹಿಟ್ಟು, ಮೆಣಸಿನಕಾಯಿ, ಹುಣಸೆ ಹುಳಿ ಇವುಗಳಲ್ಲಿ ದಿನವಿಡೀ ನೆನೆಯುವ ಕೈಯಲ್ಲಿ ಈ ಪೊರೆ ಸವೆದು ಮಾಯವಾಗುತ್ತದೆ. ಪ್ರಾಧ್ಯಾಪಕರು ಅವಳ ಬೆರಳಿನ ಆ ಸಂದಿಯನ್ನು ಭೂತಗನ್ನಡಿಯಲ್ಲಿ ನನಗೂ ತೋರಿಸಿದರು: ಉಳಿದ ಬೆರಳುಗಳಲ್ಲಿ ಚರ್ಮ ಉಗುರಿಗೆ ಒತ್ತಿ ಅಂಟಿಕೊಂಡಿದ್ದರೆ, ಅಲ್ಲಿ ಸಣ್ಣದೊಂದು ಜೇಬು ಬಾಯಿಬಿಟ್ಟುಕೊಂಡಿತ್ತು. ಅದರೊಳಗೆ ಸೇರಿದ ನೀರು, ಸೋಪು, ಖಾರ ಚರ್ಮವನ್ನು ಕೆರಳಿಸುತ್ತವೆ. ಕ್ಯಾಂಡಿಡಾ ಎಂಬ ಶಿಲೀಂಧ್ರ ಬಂದು ಕೂರುತ್ತದಾದರೂ ಮೂಲ ಕಾರಣ ಅದಲ್ಲ. ಊತ ಬುಡದ ಮ್ಯಾಟ್ರಿಕ್ಸನ್ನು ಒತ್ತುವುದರಿಂದ ಉಗುರಿನ ಪಕ್ಕದಲ್ಲಿ ಅಲೆಅಲೆಯಾಗಿ ಏಣುಗಳೇಳುತ್ತವೆ. ನಡುಬೆರಳಿನ ಉಗುರಿನ ಮೂಲೆ ಹಸಿರಾಗಿದ್ದುದಕ್ಕೆ ಕಾರಣ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಬಿಡುವ ಬಣ್ಣ. ಎದ್ದ ಭಾಗವನ್ನು ಕತ್ತರಿಸಿ, ನೀರು ಬೆರೆಸಿದ ವಿನೆಗರ್ ಒಂದೆರಡು ಹನಿ ಬಿಡಲು ಹೇಳಿದರು.

ನನ್ನ ಹುಳುಕಡ್ಡಿಯನ್ನು ಹಬ್ಬಿಸಿದ್ದ ಸ್ಟೀರಾಯ್ಡನ್ನೇ ಅವರು ಅವಳ ಬೆರಳಿಗೆ ಮುಲಾಮಾಗಿ ಬರೆದರು. ಮೊದಲು ನಾನು ಬೆಚ್ಚಿದೆ. ಆದರೆ ಅವಳ ಕಾಯಿಲೆ ಕೆರಳಿದ ಚರ್ಮದ ಉರಿ, ನನ್ನದು ಶಿಲೀಂಧ್ರ; ಉರಿಗೆ ಅದು ಔಷಧ, ಶಿಲೀಂಧ್ರಕ್ಕೆ ಅದು ಆಸರೆ. ಕೆಲವು ವಾರಗಳ ಮಿತಿ ಹಾಕಿ, ವೈದ್ಯರ ಕಣ್ಣಿನಡಿಯಲ್ಲಿಯೇ ಹಚ್ಚಬೇಕೆಂದರು. ಅದಕ್ಕಿಂತ ಮುಖ್ಯವಾಗಿ ರಬ್ಬರ್ ಗ್ಲೌಸಿನ ಒಳಗೆ ಹತ್ತಿಯ ಗ್ಲೌಸು ಹಾಕಿಕೊಂಡೇ ನೀರಿನ ಕೆಲಸ ಮಾಡಬೇಕು, ಕೆಲಸ ಮುಗಿದ ಮೇಲೆ ಒರೆಸಿ ವ್ಯಾಸಲೀನ್ ಹಚ್ಚಬೇಕು, ಹೊಸ ಕ್ಯುಟಿಕಲ್ ಕೂಡಿಕೊಳ್ಳುವವರೆಗೆ ತಿಂಗಳುಗಳೇ ಹಿಡಿದರೂ ಇದನ್ನು ಬಿಡಬಾರದು ಎಂಬುದು ಅವರ ಆಜ್ಞೆ. ಹಾಲು ಕರೆಯುವಾಗ ಗ್ಲೌಸು ಹಾಕಿಕೊಂಡರೆ ಹಸು ಒದೆಯುತ್ತದೆಂದು ಅವಳು ತಕರಾರು ತೆಗೆದಳು, ಅದರಲ್ಲಿ ನಿಜವೂ ಇತ್ತು. ಈಗ ಹಾಲು ಕರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹೊರರೋಗಿಗಳ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಪಾಂಡವಪುರದ ಕಡೆಯ ಯುವಕನ ಕಥೆ ಇದಕ್ಕೆ ಇನ್ನೊಂದು ಮಗ್ಗುಲು. ಅವನ ಕೈಯ ಉಗುರುಗಳಲ್ಲಿ ಸೂಜಿಯಿಂದ ಚುಚ್ಚಿದಷ್ಟು ಸಣ್ಣ ಗುಳಿಗಳು ಒತ್ತೊತ್ತಾಗಿದ್ದವು, ಎರಡು ಉಗುರುಗಳಲ್ಲಿ ಎಣ್ಣೆ ಹರಡಿದಂತಹ ಕಿತ್ತಳೆ ಬಣ್ಣದ ಕಲೆಯಿತ್ತು. ಎಲ್ಲೋ ಫಂಗಸ್ ಎಂದು ಹೇಳಿ ಯಾವ ಪರೀಕ್ಷೆಯನ್ನೂ ಮಾಡದೆ ಬಹುಕಾಲ ಮಾತ್ರೆ ಕೊಟ್ಟಿದ್ದರಂತೆ. ಇಲ್ಲಿ ಅವನ ಮೊಣಕೈ ಮಡಚಿ ನೋಡಿ, ತಲೆಗೂದಲ ಅಂಚನ್ನು ನೋಡಿ ಸೋರಿಯಾಸಿಸ್ ಎಂಬ ಚರ್ಮರೋಗವೆಂದರು. ಬೆಳಿಗ್ಗೆ ಎದ್ದಾಗ ಬೆರಳ ಕೀಲುಗಳು ಬಿಗಿಯುತ್ತವೆಯೇ ಎಂಬ ಪ್ರಶ್ನೆಗೆ ಅವನು ಹೌದೆಂದದ್ದೇ ತಡ, ಕೀಲುರೋಗದವರ ಬಳಿಗೆ ಚೀಟಿ ಬರೆದರು. ಉಗುರಿಗೆ ಸೋರಿಯಾಸಿಸ್ ಬಂದವರಲ್ಲಿ ಕೀಲುಗಳಿಗೂ ಬರುವ ಸಂಭವ ಹೆಚ್ಚಾದ್ದರಿಂದ ಆ ಗುಳಿಗಳನ್ನು ಕಡೆಗಣಿಸಿದ್ದರೆ ಅವನ ಬೆರಳ ಕೀಲುಗಳು ಶಾಶ್ವತವಾಗಿ ಕೆಡುವ ಅಪಾಯವಿತ್ತು. ಅವನಿಗಿಂತ ಮುಂದೆ ಕುಳಿತಿದ್ದ ಹೆಣ್ಣುಮಗಳೊಬ್ಬಳ ಉಗುರುಗಳು ನಡುವೆ ತಗ್ಗಾಗಿ ಅಂಚು ಮೇಲೆದ್ದು ಚಮಚದ ಆಕಾರಕ್ಕೆ ಬಂದಿದ್ದವು, ಅವಳಿಗೆ ಬೇಕಾಗಿದ್ದದ್ದು ಕಬ್ಬಿಣಾಂಶ. ಉಗುರು ಗಟ್ಟಿಯಾಗಲೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದ ಕಾಲೇಜು ಹುಡುಗಿಗೆ, ಅದನ್ನು ನಿಲ್ಲಿಸದೆ ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ಫಲಿತಾಂಶವೇ ತಪ್ಪಾಗಿ ಬರಬಹುದೆಂದು ಅಲ್ಲಿನ ನರ್ಸ್ ತಿಳಿಹೇಳುತ್ತಿದ್ದರು.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿದ ಮೇಲೆ ಉಗುರನ್ನು ನೇರವಾಗಿ ಕತ್ತರಿಸುವುದು, ಮೂಲೆಗಳನ್ನು ಒಳಕ್ಕೆ ಕೊರೆಯದಿರುವುದು. ಕೊರೆದರೆ ಮೂಲೆ ಮಾಂಸಕ್ಕೆ ಚುಚ್ಚಿಕೊಂಡು ಬೆಳೆಯುತ್ತದೆ, ಬಿಗಿ ಬೂಟು ಅದಕ್ಕೆ ನೆರವಾಗುತ್ತದೆ. ಬೆರಳ ಸಂದಿಗಳನ್ನು ಒರೆಸಿ ಒಣಗಿಸುವುದು, ಕೆಸರುಹುಣ್ಣು ಕಂಡ ಕೂಡಲೇ ಅದಕ್ಕೆ ಶಿಲೀಂಧ್ರ ನಾಶಕ ಮುಲಾಮು ಹಚ್ಚಿ ಪೂರಾ ವಾಸಿಮಾಡಿಕೊಳ್ಳುವುದು, ನನ್ನ ಉಗುರು ಕತ್ತರಿಯನ್ನು ಮನೆಯ ಉಳಿದವರು ಮುಟ್ಟದಂತೆ ಬೇರೆ ಇಡುವುದು. ಎರಡು ಜೊತೆ ಬೂಟುಗಳನ್ನು ಸರದಿಯಲ್ಲಿ ಹಾಕಿಕೊಂಡು, ಬಿಟ್ಟ ಜೊತೆಯನ್ನು ಬಿಸಿಲಿಗಿಡುತ್ತೇನೆ. ಗದ್ದೆಗೆ ಗಂಬೂಟು ಹಾಕಿಕೊಳ್ಳಬೇಕೆಂದು ಪ್ರಾಧ್ಯಾಪಕರು ಹೇಳಿದ್ದರು. ನಾಟಿಯ ಕೆಸರಿನಲ್ಲಿ ಗಂಬೂಟು ಹೂತು ಕಾಲು ಮಾತ್ರ ಮೇಲೆ ಬರುವುದನ್ನು ಅವರು ನೋಡಿರಲಾರರು. ಆ ಸಲಹೆಯನ್ನು ನಾನು ಪಾಲಿಸುತ್ತಿಲ್ಲ, ಗದ್ದೆಯಿಂದ ಬಂದು ತೊಳೆದು ಒರೆಸುವುದನ್ನು ಬಿಡುವುದಿಲ್ಲ.

ಬಲಗಾಲಿನ ಉಗುರಿನಲ್ಲಿ ಹಾಕಿದ್ದ ಗೀರು ತುದಿಯನ್ನು ಮುಟ್ಟಿ ಕತ್ತರಿಸಿ ಹೋಗಿದೆ, ಅದರ ಹಿಂದೆ ಬಂದದ್ದೆಲ್ಲ ತೆಳುವಾದ ಒಳ್ಳೆಯ ಉಗುರು. ಒಂದು ಮೂಲೆಯಲ್ಲಿ ಹಳದಿಯ ಎಳೆಯೊಂದು ಉಳಿದಿದೆ, ಅದಕ್ಕಾಗಿ ಅಮೊರೊಲ್ಫಿನ್ ಮುಂದುವರಿದಿದೆ. ಈ ಸೋಂಕು ಮರುಕಳಿಸುವುದು ಸಾಮಾನ್ಯವಾದ್ದರಿಂದ ಇನ್ನೊಮ್ಮೆ ಕೆರೆದು ನೋಡಿಯೇ ನಿಲ್ಲಿಸಬೇಕೆಂದಿದ್ದಾರೆ. ಎಡಗಾಲಿನ ಉಗುರು ಮೊದಲಿನಂತೆಯೇ ದಪ್ಪಗೆ, ವಾಲಿಕೊಂಡೇ ಬೆಳೆಯುತ್ತಿದೆ. ಬೂಟಿಗೆ ತಗಲಿ ನೋಯುವಷ್ಟು ಎತ್ತರವಾದಾಗ ನೆನೆಸಿ ಅರದಿಂದ ಉಜ್ಜಿ ತೆಳುಮಾಡಿಕೊಳ್ಳುತ್ತೇನೆ. ನೋವು ಹೆಚ್ಚಾದರೆ ಉಗುರನ್ನು ತೆಗೆದು ಬುಡವನ್ನು ಫಿನಾಲ್ ಎಂಬ ರಾಸಾಯನಿಕದಿಂದ ಸುಟ್ಟು ಮತ್ತೆ ಬೆಳೆಯದಂತೆ ಮಾಡಬಹುದು ಎಂದಿದ್ದಾರೆ, ಸದ್ಯಕ್ಕೆ ಅದರ ಅಗತ್ಯ ಕಂಡಿಲ್ಲ. ಆ ಕಾಲಿಗೆ ಮಾತ್ರೆಯೂ ಬೇಡ, ಮುಲಾಮೂ ಬೇಡ ಎಂದು ಚೀಟಿಯಲ್ಲಿಯೇ ಬರೆದುಕೊಟ್ಟಿದ್ದಾರೆ.